ಸುಣ್ಣದ ಗೆರೆ ಮೇಲಿರಲಿ

ತೊಳೆದು ಸಾಲಾಗಿ ನಿಲ್ಲಿಸಿದ ಬಾಟಲಿಗಳನ್ನು ಕಂಡು ನನಗೆ ಅಳು ಬಂದದ್ದು ಇಷ್ಟು ವರ್ಷದ ಕೆಲಸದಲ್ಲಿ ಅದೊಂದೇ ಸಲ. ಧೂಳು ಹಿಡಿದ ಬಾಟಲಿ ಕಂಡರೆ ಸಿಟ್ಟು ಬರುವುದು ನನ್ನ ಸ್ವಭಾವ. ಆದ್ದರಿಂದ ಆ ಅಳು ಎಂಥದ್ದೆಂದು ನನ್ನ ಗಂಡನಿಗೆ ಅರ್ಥ ಮಾಡಿಸಲು ಸುಮಾರು ಹೊತ್ತು ಬೇಕಾಯಿತು.

ಎಕ್ಸ್‌ಪೋ ದುಬೈಗೆ ಸಿಕ್ಕಿದ್ದೇ ಸಿಕ್ಕಿದ್ದು, ಊರಿಡೀ ಹೊಸ ಹೋಟೆಲು ಏಳತೊಡಗಿದ್ದ ಕಾಲ. ನಮ್ಮ ಹೋಟೆಲಿನವರಿಗೂ ಸುಮ್ಮನೆ ಕೂರಲು ಆಗಲಿಲ್ಲ. ಕೆಳಮಹಡಿಯ ಹಳೆಯ ಲೌಂಜ್ ಒಡೆದು ಬೆಲ್ಜಿಯಂ ಶೈಲಿಯ ಕೆಫೆ ಮಾಡುವುದೆಂದು ತೀರ್ಮಾನವಾಯಿತು. ನಾನು ಅಲ್ಲಿ ಬೆವರೇಜ್ ಸ್ಟೋರಿನ ಉಸ್ತುವಾರಿ. ವೈನು, ಬಿಯರು, ವಿಸ್ಕಿ ಎಲ್ಲವೂ ನನ್ನ ಬೀಗದ ಒಳಗೆ. ಉಡುಪಿಯ ಅತ್ತೆಮನೆಯಲ್ಲಿ ‘ಹೋಟೆಲಿನ ಸ್ಟೋರಿನಲ್ಲಿ ಕೆಲಸ’ ಎಂದಷ್ಟೇ ಹೇಳಿದ್ದೆ. ಅವರು ಅಕ್ಕಿ ಬೇಳೆಯ ಸ್ಟೋರು ಅಂದುಕೊಂಡರು, ನಾನೂ ತಿದ್ದಲು ಹೋಗಲಿಲ್ಲ.

ಹೊಸ ಕೆಫೆಗೆ ಒಂದು ಹೆಮ್ಮೆಯ ವಸ್ತು ಬೇಕು ಎಂದು ನಮ್ಮ ಫುಡ್ ಅಂಡ್ ಬೆವರೇಜ್ ಡೈರೆಕ್ಟರ್ ಹಿಡಿದುಕೊಂಡದ್ದು ಲ್ಯಾಂಬಿಕ್ ಎಂಬ ಹುಳಿ ಬಿಯರನ್ನು. ಬ್ರಸೆಲ್ಸ್ ಹತ್ತಿರದ ಒಂದು ಕಣಿವೆಯಲ್ಲಿ ಮಾತ್ರ ಆಗುವ ಬಿಯರ್ ಅದು. ಅಲ್ಲಿನ ಒಂದು ಹಳೆಯ ಮನೆತನದ ಬ್ರೂವರಿಯಿಂದ ಬಾಟಲಿ ತರಿಸಿ, ಆ ಬ್ರೂವರಿಯ ಚರಿತ್ರೆಯನ್ನೇ ಕೆಫೆಯ ಗೋಡೆಗೆ ಚಿತ್ರವಾಗಿ ಬರೆಸುವುದು ಅವರ ಯೋಜನೆ. ಮೇಜಿನ ಮುಂದೆ ನಿಂತು ಆ ಕತೆಯನ್ನು ಗಿರಾಕಿಗಳಿಗೆ ಹೇಳಲು ವೇಟರುಗಳಿಗೆ ಕಲಿಸುವ ಕೆಲಸ ನನ್ನ ತಲೆಗೆ ಬಂತು. ಸ್ಟೋರಿನವಳಿಗೆ ಕತೆ ಹೇಳುವ ಕೆಲಸ ಯಾಕೆ ಎಂದು ಕೇಳಿದೆ. ‘ನೀನು ಜೋರಾಗಿ ಮಾತಾಡ್ತೀಯಲ್ಲ’ ಅಂದರು.

ಬ್ರೂವರಿಯ ಯಜಮಾನಿ ಅರವತ್ತು ದಾಟಿದ ಹೆಂಗಸು. ಸ್ಕೈಪಿನಲ್ಲಿ ನಿಧಾನದ ಇಂಗ್ಲಿಷಿನಲ್ಲಿ ನನಗೆ ಎಲ್ಲ ಹೇಳಿದರು. ಅವರ ಮುತ್ತಜ್ಜ ಪೀಪಾಯಿ ರಿಪೇರಿ ಮಾಡುತ್ತ ಆ ಊರಿಗೆ ಬಂದವನು. ಬೇರೆಯವರು ಕುದಿಸಿದ ಧಾನ್ಯದ ರಸ ಕೊಂಡು ತನ್ನ ಪೀಪಾಯಿಗಳಲ್ಲಿ ಹುಳಿ ಬರಿಸಿ ಮಾರತೊಡಗಿದ. ಅವನ ಮಗ ತಾನೇ ಕುದಿಸಲು ಶುರುಮಾಡಿದ. ಚಳಿಗಾಲದಲ್ಲಿ ಮಾತ್ರ ಕುದಿಸುವುದು. ಕುದಿಸಿದ ರಸವನ್ನು ಅಟ್ಟದ ಮೇಲೆ ಅಗಲವಾದ, ಆಳವಿಲ್ಲದ ತಾಮ್ರದ ಬಾನಿಗೆ ಸುರಿದು, ಮಾಡಿನ ಕಿಂಡಿಗಳನ್ನು ತೆರೆದು ರಾತ್ರಿಯಿಡೀ ಬಿಡುವುದು. ಯಾರೂ ಹುದುಗು ಹಾಕುವುದಿಲ್ಲ. ಗಾಳಿಯಲ್ಲಿ, ತೊಲೆಯಲ್ಲಿ, ಹಂಚಿನಲ್ಲಿ ಇದ್ದದ್ದೇ ಬಂದು ಕೂರುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರು ಊರೂರಿನ ತಾಮ್ರ ಎತ್ತಿಕೊಂಡು ಹೋಗುವಾಗ ಇವರ ಮನೆಯವರು ಬಾನಿಯ ಮೇಲೆ ಒಣಹುಲ್ಲು ಹರಡಿ ಕೋಳಿ ಸಾಕಿದರಂತೆ. ಆಮೇಲೆ ಸಿಹಿ ಪಾನೀಯಗಳು ಬಂದವು, ಕಣಿವೆಯ ಬ್ರೂವರಿಗಳು ಒಂದೊಂದಾಗಿ ಮುಚ್ಚಿದವು. ಈ ಯಜಮಾನಿಯ ಅಪ್ಪ ಮಾತ್ರ ಬಿಡಲಿಲ್ಲ. ಮಾಡು ಸೋರಿದಾಗಲೂ ಹಳೆಯ ಹಂಚು ತೆಗೆಯದೆ ಅದರ ಮೇಲೆಯೇ ಹೊಸದು ಹೊದಿಸಿದರು. ಅಟ್ಟದ ಜೇಡರ ಬಲೆಯನ್ನು ಯಾರೂ ಮುಟ್ಟುವಂತಿರಲಿಲ್ಲ.

‘ನಡುವೆ ಎರಡು ಚಳಿಗಾಲ ನಾವು ಬಿಯರ್ ಮಾರಲಿಲ್ಲ. ಅದನ್ನು ಗೋಡೆಗೆ ಹಾಕಬೇಡಿ’ ಅಂದರು. ಯಾಕೆ ಎಂದು ನಾನು ಕೇಳಿದಾಗ ಮಾತು ಬದಲಿಸಿದರು.

ಯಜಮಾನಿಯ ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದರು. ನಮಗೆ ಬಂದದ್ದು ಅವರು ಕೊನೆಯದಾಗಿ ಬೆರೆಸಿದ ಬಾಟಲಿಗಳು. ಮೂರು ವರ್ಷದ ಹಳತು, ಎರಡು ವರ್ಷದ್ದು, ಒಂದು ವರ್ಷದ ಎಳೆಯದು, ಮೂರನ್ನೂ ನಾಲಿಗೆಯಲ್ಲೇ ಅಳೆದು ಬೆರೆಸಿ ಬಿರಡೆ ಹಾಕಿದ್ದು. ಬಾಟಲಿಗೆ ಲೇಬಲ್ ಇಲ್ಲ. ಹೊಟ್ಟೆಯ ಮೇಲೆ ಕುಂಚದಿಂದ ಎಳೆದ ಒಂದು ಸುಣ್ಣದ ಗೆರೆ ಮಾತ್ರ. ಈ ಬಾಟಲಿಯನ್ನು ಮಲಗಿಸಿಯೇ ಇಡಬೇಕು, ಗೆರೆ ಯಾವಾಗಲೂ ಮೇಲಿರಬೇಕು. ಹಾಗಿದ್ದರೆ ಗಸಿ ಕೆಳಬದಿಯಲ್ಲಿ ಅಲುಗದೆ ಕೂತಿರುತ್ತದೆ. ಎತ್ತಿ ತಿರುಗಿಸಿದರೆ ಕದಡುತ್ತದೆ, ಕದಡಿದ್ದನ್ನು ಆಗಲೇ ತೆರೆದರೆ ಅರ್ಧ ನೊರೆಯಾಗಿ ಚಿಮ್ಮಿ ಹೋಗುತ್ತದೆ, ಉಳಿದದ್ದರಲ್ಲಿ ಕಹಿ.

‘ಆ ಗೆರೆಗಳನ್ನೆಲ್ಲ ಅಪ್ಪನೇ ಎಳೆದದ್ದು. ಕೊನೆಗೆ ಕೈ ನಡುಗುತ್ತಿತ್ತು, ನೋಡಿದರೆ ಗೊತ್ತಾಗುತ್ತದೆ’ ಅಂದಿದ್ದರು ಯಜಮಾನಿ. ಮನೆಯ ವಸ್ತುವಿನಂತೆ ನೋಡಿಕೊಳ್ಳುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಸೆಪ್ಟೆಂಬರಿನ ಕುದಿಯಲ್ಲಿ ಕೂಲಿಂಗ್ ಕಂಟೇನರು ಜೆಬೆಲ್ ಅಲಿ ಬಂದರಿಗೆ ಬಂದ ದಿನ ನಾನೇ ಹೋಗಿ ನಿಂತೆ. ಲಾರಿಯ ಉಷ್ಣಾಂಶ ನೋಡಿ, ಸ್ಟೋರಿನ ಹಿಂಬದಿಯಲ್ಲಿ ಹದಿಮೂರು ಡಿಗ್ರಿಗೆ ಇಟ್ಟ ಕೋಣೆಯಲ್ಲಿ ಒಂದೊಂದನ್ನೂ ಗೆರೆ ಮೇಲಾಗಿ ಮಲಗಿಸಿದೆ. ವೇಟರುಗಳಿಗೆ ತೋರಿಸಲೆಂದು ಒಂದೇ ಒಂದನ್ನು ನನ್ನ ಆಫೀಸಿನ ಚಿಲ್ಲರ್ ಫ್ರಿಜ್ಜಿನಲ್ಲಿ ಮಲಗಿಸಿ ಇಟ್ಟುಕೊಂಡೆ. ಅಲ್ಲಿಂದ ಶುರುವಾಯಿತು ನನ್ನ ಚಡಪಡಿಕೆ. ಮನೆಯಲ್ಲಿ ದೋಸೆ ಹೊಯ್ಯುವಾಗಲೂ ಆ ಕೋಣೆಯ ಕಂಪ್ರೆಸರ್ ನಿಂತಿದ್ದರೆ ಎಂಬ ಯೋಚನೆ. ‘ಮಮ್ಮಿ, ದೇ ಆರ್ ಜಸ್ಟ್ ಬಾಟಲ್ಸ್’ ಅಂದಳು ಮಗಳು. ಅವಳ ತಟ್ಟೆಗೆ ಕರಟಿದ ದೋಸೆ ಬಿದ್ದಿತ್ತು, ಪಾಪ.

ಅಕ್ಟೋಬರಿನಲ್ಲಿ, ಕೆಫೆ ತೆರೆಯಲು ಎರಡು ವಾರವಿರುವಾಗ, ಅಬುಧಾಬಿಯ ನಮ್ಮ ಇನ್ನೊಂದು ಹೋಟೆಲಿನ ಸ್ಟಾಕ್ ತಪಾಸಣೆಗೆ ನನ್ನನ್ನು ಕಳಿಸಿದರು. ಎರಡು ದಿನದ ಕೆಲಸ. ವಾಪಸು ಬರುವಾಗ ಕಂಪೆನಿಯ ಕಾರು ಇನ್ನೂ ಅರ್ಧದಾರಿಯ ಘಂತೂತ್ ದಾಟಿರಲಿಲ್ಲ, ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಕಳಿಸಿದವರು ನಮ್ಮ ಸ್ಟೀವರ್ಡಿಂಗ್ ಸೂಪರ್‌ವೈಸರ್. ಸ್ಟೀವರ್ಡಿಂಗ್ ಎಂದರೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ, ನೆಲ ಉಜ್ಜುವ ವಿಭಾಗ. ಇವರು ಕಾರ್ಕಳದ ಕಡೆಯವರು, ನನಗಿಂತ ದೊಡ್ಡವರು. ನಾಲ್ಕು ಜನರ ಎದುರು ನನ್ನನ್ನು ‘ಮೇಡಂ’ ಅನ್ನುವರು, ನಮ್ಮವರೇ ಇದ್ದರೆ ‘ಅಕ್ಕ’. ನಾನು ಅವರನ್ನು ‘ಅಣ್ಣ’ ಎಂದೇ ಕರೆಯುತ್ತಿದ್ದದ್ದು.

ಫೋಟೊದಲ್ಲಿ ಹಿಂಬದಿಯ ಕೋಣೆ. ಲ್ಯಾಂಬಿಕ್ ಬಾಟಲಿಗಳೆಲ್ಲ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನೆಟ್ಟಗೆ ನಿಂತಿದ್ದವು, ಹೊಳೆಯುತ್ತಿದ್ದವು. ಒಂದರ ಮೇಲೂ ಗೆರೆ ಇರಲಿಲ್ಲ. ಬಾಗಿಲ ಹಿಡಿಗೆ ಗಂಧ, ಕುಂಕುಮ, ಪ್ಲಾಸ್ಟಿಕ್ಕಿನ ಚೆಂಡುಹೂವಿನ ಮಾಲೆ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ಅಕ್ಕ, ಆಯುಧ ಪೂಜೆಯ ಶುಭಾಶಯ, ನಿಮ್ಮ ಸ್ಟೋರೂ ಕ್ಲೀನ್.

ನಮ್ಮ ಹುಡುಗರು ಪ್ರತಿ ವರ್ಷ ಆಯುಧ ಪೂಜೆಯ ದಿನ ಪಾತ್ರೆ ತೊಳೆಯುವ ಮೆಷಿನ್, ಟ್ರಾಲಿ, ಚಾಕು ಎಲ್ಲವನ್ನೂ ಉಜ್ಜಿ, ಯಾರಿಗೂ ಕಾಣದ ಜಾಗದಲ್ಲಿ ಒಂದು ಬೊಟ್ಟು ಕುಂಕುಮ ಇಡುತ್ತಾರೆ. ಆ ವರ್ಷ ಅಣ್ಣನಿಗೆ ನನ್ನ ಮೇಲೆ ಪ್ರೀತಿ ಉಕ್ಕಿತ್ತು. ಸ್ಟೋರಿನಲ್ಲಿ ಧೂಳು ಕಂಡರೆ ನಾನು ಕೂಗಾಡುವುದು ಅವರಿಗೆ ಗೊತ್ತು. ಸೆಕ್ಯುರಿಟಿಯವರ ಹತ್ತಿರ ಕ್ಲೀನಿಂಗಿಗೆಂದು ಇರುವ ಇನ್ನೊಂದು ಕೀಲಿ ತೆಗೆಸಿ, ನಾನು ಬರುವಷ್ಟರಲ್ಲಿ ಖುಷಿಪಡಿಸಬೇಕೆಂದು ಒಂದೊಂದು ಬಾಟಲಿಯನ್ನೂ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದ್ದರು. ಸುಣ್ಣದ ಗೆರೆ ಅವರ ಕಣ್ಣಿಗೆ ಗೋಡೆಗೆ ಸುಣ್ಣ ಬಳಿಯುವಾಗ ಸಿಡಿದ ಕಲೆ.

ಸ್ಟೋರಿಗೆ ಬಂದವಳೇ ಅವರನ್ನು ಕರೆಸಿದೆ. ಕೈ ಒರೆಸಿಕೊಳ್ಳುತ್ತ ನಗುನಗುತ್ತ ಬಂದರು.

‘ಎಂತ ಮಾಡಿದ್ದು ಅಣ್ಣ ನೀವು? ಯಾರು ಹೇಳಿದ್ದು ನಿಮಗೆ ತೊಳೀಲಿಕ್ಕೆ?’

‘ಹಬ್ಬ ಅಲ್ವಾ ಅಕ್ಕ. ತುಂಬ ಕೊಳಕಿತ್ತು. ಇನ್ಸ್‌ಪೆಕ್ಷನ್ ಬಂದ್ರೆ ನಿಮಗೇ ಬೈತಾರೆ ಅಂತ.’

‘ನನ್ನ ತಲೆ. ಆ ಬಿಳಿ ಗೆರೆ ಕೊಳಕಲ್ಲ ಮಾರಾಯ್ರೆ. ಸತ್ತ ಮನುಷ್ಯ ಎಳೆದಿಟ್ಟ ಗೆರೆ ಅದು.’

ಹೇಳುತ್ತ ಹೇಳುತ್ತ ಅತ್ತೇಬಿಟ್ಟೆ. ವಿಷಯ ತಿಳಿದಂತೆ ಅಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದರು. ಬೈಯುವುದು ಇನ್ನೂ ಬಾಕಿಯಿತ್ತು, ಆದರೆ ನನಗೆ ಆಗಲಿಲ್ಲ.

ಡೈರೆಕ್ಟರಿಗೆ ಹೇಳದೆ ನಿರ್ವಾಹವಿರಲಿಲ್ಲ. ಅವರು ಬಂದು ಬಾಗಿಲ ಮಾಲೆಯನ್ನು ಒಮ್ಮೆ ನೋಡಿದರು, ಬಾಟಲಿ ನೋಡಿದರು. ‘ಚೆನ್ನಾಗೇ ಕಾಣ್ತಿದೆಯಲ್ಲ. ಕುತ್ತಿಗೆಗೊಂದು ರಿಬ್ಬನ್ ಕಟ್ಟಿ ಸರ್ವ್ ಮಾಡಿ. ಯಾರಿಗೆ ಗೊತ್ತಾಗುತ್ತದೆ? ಖಲಾಸ್’ ಅಂದರು. ಯಜಮಾನಿ ಓಪನಿಂಗಿಗೆ ಬರುತ್ತಾರಲ್ಲ ಎಂದೆ. ಆಗ ಅವರ ದನಿ ತಣ್ಣಗಾಯಿತು. ‘ಅವರು ಈ ಮಾಲು ಹಾಳಾಗಿದೆ ಅಂದರೆ ಒಬ್ಬರು ಉತ್ತರ ಕೊಡಬೇಕಾಗುತ್ತದೆ. ಸೂಪರ್‌ವೈಸರನ ಕಾಂಟ್ರಾಕ್ಟ್ ಮುಂದಿನ ತಿಂಗಳು ಮುಗಿಯುತ್ತದೆ, ನಾನು ಸಹಿ ಹಾಕುವುದಿಲ್ಲ. ಅಷ್ಟೇ.’

ಲೆಕ್ಕ ಸರಳವಾಗಿತ್ತು. ನಾನು ಬಾಯಿ ಮುಚ್ಚಿಕೊಂಡರೆ ಅಣ್ಣ ಉಳಿಯಬಹುದು, ಆದರೆ ಒಬ್ಬ ಮುದುಕನ ಕೊನೆಯ ಕೆಲಸ ನೊರೆಯಾಗಿ ಮೇಜಿನ ಮೇಲೆ ಚೆಲ್ಲುತ್ತದೆ. ಬಾಯಿಬಿಟ್ಟರೆ ಬಾಟಲಿ ಉಳಿಯಬಹುದು, ಅಣ್ಣ ಊರಿಗೆ ಹೊರಡುತ್ತಾರೆ. ಒಂದು ಕಡೆ ಕೂರಲಾಗದೆ ಸ್ಟೋರಿನ ಉದ್ದಕ್ಕೂ ಹೋಗಿ ಬಂದು ಮಾಡಿದೆ. ವಿಸ್ಕಿಯ ಪೆಟ್ಟಿಗೆಗಳನ್ನು ಸುಮ್ಮಸುಮ್ಮನೆ ಸರಿಮಾಡಿದೆ. ಗಂಡನಿಗೆ ಫೋನ್ ಮಾಡಿದರೆ ‘ನಿನ್ನ ಕೆಲಸ ನೀನು ನೋಡಿಕೋ, ಊರ ಉಸಾಬರಿ ಬೇಡ’ ಅಂದರು. ನನ್ನ ಕೆಲಸ ಯಾವುದು ಎಂಬುದೇ ತಿಳಿಯದೆ ಅಲ್ಲವೇ ನಾನು ಒದ್ದಾಡುತ್ತಿದ್ದದ್ದು.

ಕೊನೆಗೆ ಕೈಗೆ ಸಿಕ್ಕಿದ್ದು ಕೆಂಪು ಟ್ಯಾಗ್. ಅವಧಿ ಮೀರಿದ, ಅನುಮಾನವಿರುವ ಮಾಲಿಗೆ ನಾವು ಕಟ್ಟುವ ‘ಹೋಲ್ಡ್’ ಚೀಟಿ ಅದು. ಒಮ್ಮೆ ಕಟ್ಟಿದರೆ ಸ್ಟೋರಿನ ಉಸ್ತುವಾರಿ ಬಿಚ್ಚುವ ತನಕ ಡೈರೆಕ್ಟರೂ ಒಂದು ಬಾಟಲಿ ಎತ್ತುವಂತಿಲ್ಲ. ಹೋಟೆಲಿನ ನಿಯಮವೇ ಹಾಗೆ. ಕೋಣೆಯ ಬಾಗಿಲಿಗೆ, ಚೆಂಡುಹೂವಿನ ಪಕ್ಕದಲ್ಲೇ ಅದನ್ನು ಕಟ್ಟಿದೆ. ಕಟ್ಟಿದ ಮೇಲೆ ಬೆಲ್ಜಿಯಮ್ಮಿಗೆ ಫೋನ್ ಹಚ್ಚಿದೆ.

ಇದ್ದದ್ದು ಇದ್ದ ಹಾಗೆ ಹೇಳಿದೆ.

‘ಈಗ ನಿಂತಿವೆಯೋ, ಮಲಗಿವೆಯೋ?’ ಯಜಮಾನಿ ಕೇಳಿದರು.

‘ನಿಂತಿವೆ.’

‘ಮಲಗಿಸಿ. ಮೊದಲು ಯಾವ ಬದಿ ಕೆಳಗಿತ್ತೋ ಅದೇ ಬದಿ ಕೆಳಗೆ ಬರಬೇಕು. ಈಗ ನನ್ನ ಹತ್ತಿರ ಮಾತಾಡಬೇಡಿ. ನಾನು ಬರುತ್ತೇನೆ.’

ಫೋನ್ ಇಟ್ಟರು. ಗೆರೆಯೇ ಇಲ್ಲದ ಬಾಟಲಿಯಲ್ಲಿ ಕೆಳಗಿನ ಬದಿ ಯಾವುದೆಂದು ಕಂಡುಹಿಡಿಯುವುದು ಹೇಗೆ? ಒಂದನ್ನು ಮೆಲ್ಲನೆ ಎತ್ತಿ ಹಿಂದಿನಿಂದ ಟಾರ್ಚ್ ಹಿಡಿದೆ. ಕಡುಹಸಿರು ಗಾಜಿನಲ್ಲಿ ಮೊದಲಿಗೆ ಏನೂ ಕಾಣಲಿಲ್ಲ. ಟಾರ್ಚನ್ನು ಓರೆ ಮಾಡಿದಾಗ ಒಂದು ಬದಿಯಲ್ಲಿ ಉದ್ದಕ್ಕೆ ಮಸುಕಾದ ಪಟ್ಟಿ ಕಂಡಿತು, ಗಂಜಿಯ ತಿಳಿ ಒಣಗಿ ಅಂಟಿದ ಹಾಗೆ. ಗಸಿ ಜಾರಿ ತಳಕ್ಕೆ ಹೋಗಿದ್ದರೂ ತಿಂಗಳುಗಟ್ಟಲೆ ಕೂತಿದ್ದ ಜಾಗವನ್ನು ಪೂರ್ತಿ ಬಿಟ್ಟಿರಲಿಲ್ಲ. ಅದೇ ಕೆಳಬದಿ.

ಅಣ್ಣ ರಜೆ ಹಾಕಿ ಬಂದು ಕೂತರು. ನಾನು ಬೇಡವೆಂದರೂ ಕೇಳಲಿಲ್ಲ. ಒಬ್ಬರು ಬಾಟಲಿ ಹಿಡಿಯುವುದು, ಒಬ್ಬರು ಟಾರ್ಚ್ ಹಿಡಿಯುವುದು, ಪಟ್ಟಿ ಕಂಡ ಕೂಡಲೇ ಅದರ ಎದುರು ಬದಿಗೆ ಗುರುತು ಹಾಕಿ ಮಲಗಿಸುವುದು. ಗುರುತು ಯಾವುದರಿಂದ ಹಾಕುವುದು ಎಂಬ ಪ್ರಶ್ನೆ ಬಂತು. ಮಾರ್ಕರ್ ಪೆನ್ನಿನ ಶಾಯಿ ಆ ತಂಪಿನಲ್ಲಿ, ತೇವದ ಗಾಜಿನ ಮೇಲೆ ನಿಲ್ಲಲಿಲ್ಲ. ಅಣ್ಣ ಎದ್ದು ತಮ್ಮ ಲಾಕರಿಗೆ ಹೋಗಿ ಒಂದು ಪುಟ್ಟ ಡಬ್ಬಿ ತಂದರು. ಮುಚ್ಚಳ ತೆರೆದರೆ ಎಲೆಅಡಿಕೆಯ ಸುಣ್ಣ.

‘ಇಲ್ಲಿ ಜಗಿಯುವ ಹಾಗಿಲ್ಲ ಅಂತ ಗೊತ್ತುಂಟಲ್ಲ ಅಣ್ಣ?’

‘ಜಗಿಯೋದಿಲ್ಲ ಅಕ್ಕ. ಸುಮ್ಮನೆ ಮೂಸಿ ನೋಡ್ಲಿಕ್ಕೆ ಇಟ್ಟದ್ದು.’

ಆ ಪರಿಸ್ಥಿತಿಯಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಸುಣ್ಣ ಮೂಸಿ ನೋಡುವವರನ್ನು ನಾನು ಅದೇ ಮೊದಲು ಕಂಡದ್ದು. ಅಡುಗೆಮನೆಯಿಂದ ಬೆಣ್ಣೆ ಸವರುವ ಕುಂಚ ಒಂದು ತರಿಸಿಕೊಂಡೆವು. ಕೆಲವು ಬಾಟಲಿಗಳಲ್ಲಿ ಪಟ್ಟಿ ಅಳಿಸಿಹೋಗಿತ್ತು, ಅವನ್ನು ಬೇರೆ ಇಟ್ಟೆವು. ಉಳಿದವುಗಳ ಮೇಲೆ ಅಣ್ಣ ಉಸಿರು ಬಿಗಿಹಿಡಿದು ಒಂದೊಂದೇ ಗೆರೆ ಎಳೆದರು. ಹಿಂಬದಿಯ ಕೋಣೆ ಫ್ರಿಜ್ಜಿನಷ್ಟಲ್ಲದಿದ್ದರೂ ಕೂತು ಕೆಲಸ ಮಾಡುವವರಿಗೆ ಚಳಿಯೇ. ಬೆರಳು ಮರಗಟ್ಟಿದಾಗ ಹೊರಗೆ ಲಾರಿಗಳು ಮಾಲು ಇಳಿಸುವ ಕಟ್ಟೆಯ ಬಿಸಿಲಿಗೆ ಹೋಗಿ ನಿಂತು ಬರುತ್ತಿದ್ದೆವು.

ಡೈರೆಕ್ಟರ್ ಎರಡು ಸಲ ಬಂದು ಟ್ಯಾಗ್ ಬಿಚ್ಚು ಎಂದರು. ಬಿಚ್ಚುವುದಿಲ್ಲ ಎಂದೆ. ‘ನಿನ್ನ ಕಾಂಟ್ರಾಕ್ಟ್ ಮುಗಿಯುವುದು ಯಾವಾಗ?’ ಎಂದು ಕೇಳಿದರು. ಹೇಳಿದೆ. ಆಮೇಲೆ ಯಜಮಾನಿ ಬರುವ ತನಕ ದಿನವೂ ನಮ್ಮ ಮನೆಯಿರುವ ಅಲ್ ನಹ್ದಾದಿಂದ ಹೊರಡುವ ಬೆಳಗಿನ ಟ್ರಾಫಿಕ್ಕಿನಲ್ಲಿ ಕೂತು, ಯಜಮಾನಿಗೆ ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಅರ್ಧಕ್ಕೆ ಬಂದಾಗ ಮರೆತುಹೋಗುತ್ತಿತ್ತು.

ಯಜಮಾನಿ ಓಪನಿಂಗಿನ ಹಿಂದಿನ ದಿನ ಬಂದರು. ಗೋಡೆಯ ಚಿತ್ರ ತೋರಿಸುತ್ತೇವೆ ಎಂದು ಡೈರೆಕ್ಟರ್ ಕರೆದರೆ, ‘ಮೊದಲು ಸ್ಟೋರ್’ ಅಂದರು. ಎತ್ತರದ ಹೆಂಗಸು, ಸ್ಕೈಪಿನಲ್ಲಿ ಕಂಡದ್ದಕ್ಕಿಂತ ವಯಸ್ಸಾದವರು. ಬಾಗಿಲಿನ ಕೆಂಪು ಟ್ಯಾಗನ್ನು ಓದಿ ಒಳಗೆ ಬಂದು, ಮಲಗಿದ್ದ ಬಾಟಲಿಗಳ ಮುಂದೆ ಮಂಡಿಯೂರಿ ಕೂತರು. ಒಂದು ಗೆರೆಯ ಮೇಲೆ ಬೆರಳಾಡಿಸಿದರು.

‘ಇದು ತುಂಬ ನೇರ ಇದೆ. ಅಪ್ಪನದು ಹೀಗಿರಲಿಲ್ಲ’ ಅಂದರು.

ನನ್ನ ಬಾಯಿಪಾಠವೆಲ್ಲ ಹಾರಿಹೋಯಿತು. ಆಫೀಸಿನ ಚಿಲ್ಲರಿನಲ್ಲಿದ್ದ ಆ ಒಂದು ಬಾಟಲಿಯನ್ನು ಎರಡು ಕೈಯಲ್ಲಿ ಅಡ್ಡಲಾಗಿ ಹಿಡಿದು ತಂದು ಕೊಟ್ಟೆ. ನಡುಗಿದ ಹಳೆಯ ಗೆರೆ ಅದರ ಮೇಲೆ ಹಾಗೇ ಇತ್ತು. ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡರು. ಇದನ್ನು ತೆರೆಯುವುದು ಬೇಡ, ಮನೆಗೆ ಒಯ್ಯುತ್ತೇನೆ ಅಂದರು. ಆಮೇಲೆ ಅಣ್ಣ ಗುರುತು ಹಾಕಿದವುಗಳಲ್ಲಿ ಒಂದನ್ನು ತೋರಿಸಿ, ‘ಬದುಕಿದೆಯೋ ಇಲ್ಲವೋ ನೋಡೋಣ’ ಎಂದರು.

ಬಾಟಲಿ ಏಳದಂತೆ ಬುಟ್ಟಿಯಲ್ಲಿ ಓರೆಯಾಗಿಟ್ಟು, ಬಿರಡೆಯನ್ನು ಕೂದಲೆಳೆಯಷ್ಟೇ ಎಳೆಯುತ್ತ ಹೋದರು. ಸಣ್ಣ ನಿಟ್ಟುಸಿರಿನ ಸದ್ದು ಬಂತು, ನೊರೆ ಬಾಯಿಯವರೆಗೆ ಬಂದು ನಿಂತಿತು. ಗ್ಲಾಸಿಗೆ ಬಿದ್ದದ್ದು ಮಬ್ಬಾಗಿತ್ತು. ಮೂಸಿದರು, ಬಾಯಲ್ಲಿ ತಿರುಗಿಸಿದರು. ಅಷ್ಟು ಹೊತ್ತೂ ಡೈರೆಕ್ಟರ್ ಮೊಬೈಲು ನೋಡುತ್ತಿದ್ದರು, ಅಣ್ಣ ನೆಲ ನೋಡುತ್ತಿದ್ದರು.

‘ಇದೆ, ಬದುಕಿದೆ’ ಅಂದರು ಯಜಮಾನಿ. ‘ಆದರೆ ಈಗ ಕೊಡಬಾರದು. ಡಿಸೆಂಬರಿನ ತನಕ ಮಲಗಲಿ. ತೊಳೆದದ್ದು ಯಾರು?’

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಒಂದು ಹೆಜ್ಜೆ ಮುಂದೆ ಬಂದರು. ಯಜಮಾನಿ ಬೇರೊಂದು ಗ್ಲಾಸಿಗೆ ಸ್ವಲ್ಪ ಹೊಯ್ದು ಅವರ ಕೈಗೆ ಕೊಟ್ಟರು. ಡ್ಯೂಟಿಯಲ್ಲಿ ಕುಡಿಯುವಂತಿಲ್ಲ. ಅಣ್ಣ ಡೈರೆಕ್ಟರ್ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಕಣ್ಣಿನಲ್ಲೇ ಹೂಂ ಎಂದೆ. ಒಂದು ಗುಟುಕು ತೆಗೆದುಕೊಂಡವರು ನನ್ನ ಕಡೆ ತಿರುಗಿದರು.

‘ಅಕ್ಕ, ಇದು ನಮ್ಮಪ್ಪ ಇಳಿಸ್ತಿದ್ದ ಹುಳಿ ಕಳ್ಳಿನ ಹಾಗೇ ಉಂಟಲ್ಲ.’

ಅವರ ಅಪ್ಪ ಕಳ್ಳು ಇಳಿಸುತ್ತಿದ್ದರೆಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

‘ನಿಮ್ಮಪ್ಪನ ಮಡಕೆಯನ್ನೂ ನೀವು ಹೀಗೇ ಉಜ್ಜಿ ತೊಳೀತಿದ್ರಾ?’

‘ಅಯ್ಯೋ, ಇಲ್ಲ. ಉಜ್ಜಿದ್ರೆ ಅಪ್ಪ ಕೈ ಮುರೀತಿದ್ರು. ಒಮ್ಮೆ ನೀರಲ್ಲಿ ಗಲಬರಿಸಿ ಕೊಡೋದು ಅಷ್ಟೆ. ಹುಳಿ ಇರೋದೇ ಮಡಕೆಯಲ್ಲಲ್ವಾ.’

‘ಅಷ್ಟು ಗೊತ್ತಿದ್ದೂ ಇದನ್ನು ಯಾಕೆ ತೊಳೆದದ್ದು ಮಾರಾಯ್ರೆ?’

ಅಣ್ಣ ಗ್ಲಾಸನ್ನು ಕೈಯಲ್ಲಿ ತಿರುಗಿಸಿದರು. ‘ಅದು ನಮ್ಮ ಮನೆ ಅಲ್ವಾ ಅಕ್ಕ. ಇದು ಕಂಪೆನಿಯದ್ದು. ಇಲ್ಲಿ ಕೊಳಕು ಕಂಡ್ರೆ ನನಗೆ ಹೆದರಿಕೆ ಆಗ್ತದೆ.’

ಏನಂದರು ಎಂದು ಯಜಮಾನಿ ಕೇಳಿದರು. ನಾನು ಇದ್ದಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಲೆಯಾಡಿಸುತ್ತ, ಗೋಡೆಗೆ ಹಾಕಬೇಡಿ ಎಂದಿದ್ದ ಆ ಎರಡು ಚಳಿಗಾಲದ ವಿಷಯ ತಾವಾಗಿಯೇ ಎತ್ತಿದರು. ಅವರ ಅಮ್ಮ ಮದುವೆಯಾಗಿ ಬಂದ ಹೊಸತರಲ್ಲಿ, ಹಬ್ಬ ಬರುತ್ತಿದೆಯೆಂದು ಯಾರಿಗೂ ಹೇಳದೆ ಅಟ್ಟ ಹತ್ತಿ, ಬಲೆ ತೆಗೆದು, ತೊಲೆ ತೊಳೆದು, ಗೋಡೆಗೆ ಸುಣ್ಣ ಬಳಿದಿದ್ದರಂತೆ. ಎರಡು ಚಳಿಗಾಲ ಬಿಯರ್ ಸರಿಬರಲಿಲ್ಲ. ಇದ್ದದ್ದನ್ನೆಲ್ಲ ಹೊಳೆಗೆ ಚೆಲ್ಲಬೇಕಾಯಿತು. ಅಷ್ಟು ಕಾಲವೂ ಅಪ್ಪ ಅಮ್ಮನ ಹತ್ತಿರ ಮಾತು ಬಿಟ್ಟಿದ್ದರಂತೆ.

‘ಯಾಕೆ ತೊಳೆದೆ ಎಂದು ನಾನು ಅಮ್ಮನನ್ನು ಅವಳ ಮುಪ್ಪಿನಲ್ಲಿ ಕೇಳಿದೆ. ಆಗ ಅದು ಇನ್ನೂ ನನ್ನ ಮನೆಯಾಗಿರಲಿಲ್ಲವಲ್ಲ ಎಂದಳು’ ಅಂದರು.

ಆಮೇಲೆ ಎದ್ದು ಕೋಟು ಕೊಡವಿಕೊಂಡು ಡೈರೆಕ್ಟರ್ ಕಡೆ ತಿರುಗಿದರು. ಡಿಸೆಂಬರಿನಲ್ಲಿ ತಾವು ಮತ್ತೆ ಬರುವುದಾಗಿಯೂ, ಮೊದಲ ಬಾಟಲಿಯನ್ನು ಈ ಮನುಷ್ಯನ ಕೈಯಿಂದಲೇ ತೆರೆಸಬೇಕೆಂದೂ, ಇಲ್ಲದಿದ್ದರೆ ಅಷ್ಟನ್ನೂ ವಾಪಸು ಒಯ್ಯುವುದಾಗಿಯೂ ಹೇಳಿದರು. ಡೈರೆಕ್ಟರ್ ಆಗಲಿ ಎಂದರು. ಅವರಿಗೆ ಬೇರೆ ದಾರಿ ಇರಲಿಲ್ಲ.

ಎಲ್ಲರೂ ಮೇಲೆ ಹೋದ ಮೇಲೆ ಅಣ್ಣ ಹಿಂದೆ ಉಳಿದರು. ನಾನು ಕೋಣೆಗೆ ಬೀಗ ಹಾಕುತ್ತಿದ್ದೆ.

‘ಡಿಸೆಂಬರಿಗೆ ನಾನು ಇಲ್ಲಿರ್ತೇನೆ ಅಂತಾಯ್ತಾ ಅಕ್ಕ?’

‘ಹೂಂ, ಇರ್ತೀರಿ.’

ಅವರು ಜೇಬಿನಿಂದ ಬಟ್ಟೆ ತೆಗೆದು, ಬಾಗಿಲ ಹಿಡಿಯ ಮೇಲೆ ಒಣಗಿದ್ದ ಕುಂಕುಮವನ್ನು ಒರೆಸಲು ಕೈ ಎತ್ತಿದರು. ಒರೆಸದೆ ಕೈ ಇಳಿಸಿ, ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದರು.